ದಕ್ಷಿಣ ಜರ್ಮನಿಯಲ್ಲಿ ಬಿಡಾರ ಎಲ್ಲಿ?

ಮೊನ್ನೆ ಭಾನುವಾರ ಕಾಫಿಯ ಹೊತ್ತಿಗೆ ನಮ್ಮ ಬಡಾವಣೆಯ ಮಿತ್ರರೊಬ್ಬರು ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ಹಿಡಿದುಕೊಂಡು ಬಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾದ ಮೇಷ್ಟರು. ಮಗಳೂ ಅಳಿಯನೂ ಹ್ಯಾಂಬರ್ಗಿನಲ್ಲಿದ್ದಾರೆ. ಬರುವ ಮೇ ತಿಂಗಳಲ್ಲಿ ದಂಪತಿಗಳು ಮೊದಲ ಬಾರಿಗೆ ಅಲ್ಲಿಗೆ ಹೊರಟಿದ್ದಾರೆ. ಅದರಲ್ಲಿ ಒಂದು ವಾರ ದಕ್ಷಿಣ ಜರ್ಮನಿಗೆಂದು ಮೀಸಲು. "ನೀವು ಆ ಕಡೆ ಓಡಾಡಿ ಬಂದವರು. ಇದನ್ನು ಒಂದಿಷ್ಟು ತಿದ್ದಿಕೊಡಿ, ಸ್ವಾಮಿ" ಎಂದು ಕಾಗದವನ್ನು ಮೇಜಿನ ಮೇಲೆ ಹರಡಿದರು.

ಅದರಲ್ಲಿದ್ದುದು ಇಷ್ಟು: ಮ್ಯೂನಿಕ್ ನಗರದಲ್ಲಿ ಬಿಡಾರ. ಒಂದು ದಿನ ನಾಯ್‌ಷ್ವಾನ್‌ಸ್ಟೈನ್ ಕೋಟೆ. ಒಂದು ದಿನ ಗಡಿಯಾಚೆಯ ಸಾಲ್ಜ್‌ಬರ್ಗ್. ಒಂದು ದಿನ ನ್ಯೂರೆಂಬರ್ಗ್. ಒಂದು ದಿನ ಆಲ್ಪ್ಸ್ ಪರ್ವತ. ಉಳಿದ ದಿನ ಮ್ಯೂನಿಕ್ಕಿನಲ್ಲಿ ವಿಶ್ರಾಂತಿ ಮತ್ತು ಅಂಗಡಿ ಬೀದಿ. ಅಚ್ಚುಕಟ್ಟಾದ ಯೋಜನೆಯೆ. ಮೊದಲ ಸಲ ಹೋಗುವವರು ಬಹುಮಟ್ಟಿಗೆ ಮಾಡುವುದೂ ಇದನ್ನೇ. ಒಂದೇ ಊರಿನಲ್ಲಿ ಇಳಿದುಕೊಂಡು, ಬೆಳಿಗ್ಗೆ ಹೊರಟು, ಸಂಜೆಗೆ ಅದೇ ಹಾಸಿಗೆಗೆ ಹಿಂದಿರುಗುವ ಕ್ರಮ ವಯಸ್ಸಾದವರಿಗೆ ಹೇಳಿ ಮಾಡಿಸಿದ್ದು. ದಿನವೂ ಪೆಟ್ಟಿಗೆ ಕಟ್ಟಿ ಬಿಚ್ಚುವ ಕಷ್ಟವಿಲ್ಲ, ಮಂಡಿನೋವಿನ ದಿನ ಸುಮ್ಮನೆ ಕೋಣೆಯಲ್ಲಿ ಉಳಿದರೂ ಯೋಜನೆ ಕೆಡುವುದಿಲ್ಲ. ನನ್ನ ತಕರಾರು ಇದ್ದುದು ಕ್ರಮದ ಬಗ್ಗೆ ಅಲ್ಲ, ಬಿಡಾರದ ಊರಿನ ಬಗ್ಗೆ.

ಆ ಕೋಟೆಯನ್ನೇ ತೆಗೆದುಕೊಳ್ಳಿ. ಕ್ಯಾಲೆಂಡರುಗಳಲ್ಲಿ ಅದರ ಚಿತ್ರ ನೋಡದವರಿಲ್ಲ. ಬೆಟ್ಟದ ನೆತ್ತಿಯ ಮೇಲೆ ಬಿಳಿಯ ಗೋಪುರಗಳು, ಕೆಳಗೆ ಸರೋವರ, ಹಿಂದೆ ಹಿಮ. ನೋಡಿದವರಿಗೆ ಅದು ಮಧ್ಯಯುಗದ ವೀರಯೋಧರ ಕೋಟೆಯೆಂದೇ ಅನ್ನಿಸಬೇಕು; ಕಟ್ಟಿಸಿದವನ ಬಯಕೆಯೂ ಅದೇ. ಆದರೆ ಬವೇರಿಯದ ದೊರೆ ಎರಡನೆಯ ಲೂಡ್ವಿಗ್ ಅದಕ್ಕೆ ಅಸ್ತಿಭಾರ ಹಾಕಿಸಿದ್ದು 1869ರಲ್ಲಿ. ಕಬ್ಬನ್ ಪಾರ್ಕಿನ ನಮ್ಮ ಅಠಾರಾ ಕಚೇರಿ ಅದಕ್ಕೆ ಒಂದು ವರ್ಷ ಮೊದಲೇ ಕಟ್ಟಿ ಮುಗಿದಿತ್ತು! ಎರಡೇ ವರ್ಷದಲ್ಲಿ, ಎಂದರೆ 1871ರಲ್ಲಿ, ಬವೇರಿಯ ಹೊಸ ಜರ್ಮನ್ ಸಾಮ್ರಾಜ್ಯದೊಳಕ್ಕೆ ಸೇರಿತು. ದೊರೆತನದ ಅಧಿಕಾರ ಕರಗಿದಷ್ಟೂ ದೊರೆತನದ ಕನಸು ಕಲ್ಲಿನಲ್ಲಿ ಎತ್ತರಕ್ಕೆ ಏರಿತು. 1886ರಲ್ಲಿ ಲೂಡ್ವಿಗ್ ಸರೋವರವೊಂದರಲ್ಲಿ ಹೆಣವಾಗಿ ಸಿಕ್ಕಿದ. ಕೆಲವೇ ವಾರಗಳಲ್ಲಿ ಕೋಟೆಯನ್ನು ಸಾರ್ವಜನಿಕರಿಗೆ ತೆರೆದು ಟಿಕೆಟ್ಟು ಮಾರತೊಡಗಿದರು. ಒಟ್ಟಿನಲ್ಲಿ ಅದು ಚರಿತ್ರೆಗಿಂತ ಹೆಚ್ಚಾಗಿ ಚರಿತ್ರೆಯ ಒಂದು ನಾಟಕರಂಗ. ನೋಡಬಾರದೆಂದಲ್ಲ. ಚರಿತ್ರೆಯ ಮೇಷ್ಟರೊಬ್ಬರು ಒಂದು ವಾರವನ್ನು ಅದರ ಸುತ್ತ ಕಟ್ಟಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

"ಹಾಗಾದರೆ ಬಿಡಾರ ಎಲ್ಲಿ?" ಎಂದು ಕೇಳಿದರು.

"ಸ್ಟುಟ್‌ಗಾರ್ಟಿನಲ್ಲಿ" ಎಂದೆ.

ಮೇಷ್ಟರ ಮುಖ ಸಪ್ಪಗಾಯಿತು. "ಅದು ಮೋಟಾರು ಕಾರಿನ ಊರಲ್ಲವೆ?"

ಹೌದು, ಮೋಟಾರು ಕಾರಿನ ಊರೇ. ಗಾಟ್ಲೀಬ್ ಡೈಮ್ಲರ್ 1880ರ ದಶಕದಲ್ಲಿ ತನ್ನ ಎಂಜಿನನ್ನು ರೂಪಿಸಿದ್ದು ಅದಕ್ಕೆ ಹೊಂದಿಕೊಂಡ ಕಾನ್‌ಷ್ಟಾಟಿನಲ್ಲಿ. ಹಳೆಯ ಪೇಟೆಯ ಬಹುಭಾಗ 1944ರ ವಿಮಾನದಾಳಿಗಳಲ್ಲಿ ಸುಟ್ಟುಹೋಯಿತು; ಈಗ ಕಾಣುವ ನಡುಪೇಟೆ ಹೆಚ್ಚಾಗಿ ಯುದ್ಧಾನಂತರದ್ದು. ಮ್ಯೂನಿಕ್ಕಿನ ಬೆಡಗು ಅಲ್ಲಿಲ್ಲ. ಬೆಡಗಿಲ್ಲದಿರುವುದರಿಂದ ಅಲ್ಲಿ ನಿಲ್ಲುವವರೂ ಕಡಮೆ. ಆದರೆ ನಮ್ಮ ಮಿತ್ರರ ಕಪಾಟಿನ ಕೆಳಗಿನ ಅರೆಯಲ್ಲಿ ಕಿಟ್ಟೆಲ್ ನಿಘಂಟು ಇದೆ. ಕ್ಲಾಸಿಗೆ ಹೋಗುವ ಮೊದಲು ಅದನ್ನು ತಿರುವಿ ಹಾಕದೆ ಹೋದವರಲ್ಲ ಅವರು. ಅದನ್ನು ಬರೆದಾತ ಕೊನೆಯುಸಿರೆಳೆದ ಊರಿಗೆ ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದಾತ ತೀರಿಕೊಂಡ ಊರಿಗೆ ಕಾಲು ಗಂಟೆ. ಈ ಮಾತು ಹೇಳಿದ ಮೇಲೆ ಮೇಷ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಸ್ಟುಟ್‌ಗಾರ್ಟ್ ಒಂದು ಕಾಲಕ್ಕೆ ವ್ಯೂರ್ಟೆಂಬರ್ಗ್ ಎಂಬ ಚಿಕ್ಕ ರಾಜ್ಯದ ರಾಜಧಾನಿ. ನೆಕ್ಕರ್ ನದಿಯ ಬಯಲು, ಅದರ ಇಕ್ಕೆಲದ ದಿಬ್ಬಗಳಲ್ಲಿ ದ್ರಾಕ್ಷಿ ತೋಟ, ಪಶ್ಚಿಮಕ್ಕೆ ಕಪ್ಪುಕಾಡೆಂದು ಹೆಸರಾದ ಷ್ವಾರ್ಟ್ಸ್‌ವಾಲ್ಡ್, ತೆಂಕಣಕ್ಕೆ ಸುಣ್ಣಕಲ್ಲಿನ ಬೆಟ್ಟಸಾಲು. 1806ರಲ್ಲಿ ನೆಪೋಲಿಯನ್ನನ ಕೃಪೆಯಿಂದ ಅದರ ಡ್ಯೂಕ್ ರಾಜನೆನ್ನಿಸಿಕೊಂಡ. ರಾಜ್ಯಕ್ಕೆ ಹೆಸರು ಬಂದಿತೇ ಹೊರತು ಹೊಟ್ಟೆ ತುಂಬಲಿಲ್ಲ. ಆ ನಾಡಿನ ಬಹುಭಾಗದಲ್ಲಿ ತಂದೆಯ ಜಮೀನು ಮಕ್ಕಳೆಲ್ಲರಿಗೂ ಸಮಪಾಲಾಗಿ ಹಂಚಿಹೋಗುವ ಪದ್ಧತಿ. ನ್ಯಾಯವಾದ ಪದ್ಧತಿಯೇ, ಆದರೆ ಮೂರು ತಲೆಮಾರು ಕಳೆಯುವುದರೊಳಗೆ ಹೊಲ ಅಂಗೈಯಗಲ. ಅಂಥ ನಾಡಿಗೆ ದೂರದ ಜಾವಾ ಸಮುದ್ರದ ಕಡೆಯಿಂದ ಒಂದು ಹೊಡೆತ ಬಿತ್ತು. 1815ರ ಏಪ್ರಿಲಿನಲ್ಲಿ ಸುಂಬಾವಾ ದ್ವೀಪದ ತಂಬೋರಾ ಅಗ್ನಿಪರ್ವತ ಸಿಡಿಯಿತು. ಅದರ ಧೂಳು ಆಕಾಶವನ್ನು ಮುಚ್ಚಿ, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ, ಚಳಿ, ಕೊಳೆತ ಪೈರು. 1816-17ರ ಕ್ಷಾಮ ಎಲ್ಲಕ್ಕಿಂತ ಕಠಿಣವಾಗಿ ತಟ್ಟಿದ ಪ್ರದೇಶಗಳಲ್ಲಿ ವ್ಯೂರ್ಟೆಂಬರ್ಗ್ ಒಂದು. ಸಾವಿರಾರು ಜನ ಉಲ್ಮ್ ಪಟ್ಟಣದಲ್ಲಿ ದೋಣಿ ಹತ್ತಿ ಡ್ಯಾನ್ಯೂಬ್ ನದಿಯಲ್ಲಿ ರಷ್ಯದ ಕಡೆ ಹೊರಟರು; ಇನ್ನು ಕೆಲವರು ಅಮೆರಿಕಕ್ಕೆ.

ಹಸಿವಿನ ಜೊತೆಗೆ ಆ ಜನಕ್ಕೆ ಇನ್ನೊಂದು ಕಾತರವೂ ಇತ್ತು. ಅಲ್ಲಿನ ಲೂಥರನ್ ಕ್ರೈಸ್ತರಲ್ಲಿ ಪಯಟಿಸ್ಟರೆಂಬ ಒಂದು ಪಂಗಡ. ಇಗರ್ಜಿಯ ಆಡಂಬರಕ್ಕಿಂತ ಮನೆಯ ಪ್ರಾರ್ಥನೆ ದೊಡ್ಡದೆಂಬುವರು. ಸಂಜೆ ಒಬ್ಬರ ಮನೆಯಲ್ಲಿ ಸೇರಿ ಬೈಬಲ್ಲು ಓದುವುದು, ದಿನಚರಿ ಬರೆದು ತಮ್ಮ ತಪ್ಪುಗಳನ್ನು ತಾವೇ ಲೆಕ್ಕ ಹಾಕುವುದು. ಇವರ ಗುರುಸ್ಥಾನದಲ್ಲಿದ್ದವನು ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687-1752). ಈತನಲ್ಲಿ ಎರಡು ವಿಚಿತ್ರ ಗುಣಗಳು ಸೇರಿದ್ದುವು. ಒಂದು ಕಡೆ, ಬೈಬಲ್ಲಿನ ಸಂಖ್ಯೆಗಳನ್ನು ಕೂಡಿ ಕಳೆದು, ಕ್ರಿಸ್ತನ ಸಾವಿರ ವರ್ಷಗಳ ರಾಜ್ಯ 1836ರಲ್ಲಿ ಆರಂಭವಾಗುವುದೆಂದು ಗುಣಿಸಿ ಇಟ್ಟಿದ್ದ. ಇನ್ನೊಂದು ಕಡೆ, ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಪಾಠಾಂತರಗಳನ್ನು ತೂಗಿ ನೋಡಿ, 1734ರಲ್ಲಿ ಶುದ್ಧಪಾಠವೊಂದನ್ನು ಅಚ್ಚು ಹಾಕಿಸಿದ್ದ. ಲೋಕಾಂತ್ಯವನ್ನು ಎದುರು ನೋಡುವವನಿಗೆ ಪಾಠಾಂತರದ ಗೊಡವೆ ಏಕೆ ಎಂದು ನಮಗೆ ಅನ್ನಿಸಬಹುದು. ಬೆಂಗೆಲ್ಲನಿಗೆ ಹಾಗೆ ಅನ್ನಿಸಲಿಲ್ಲ. ಈ ಎರಡು ಗುಣಗಳೂ ಒಟ್ಟಿಗೆ ಆ ನಾಡಿನ ಶಾಲೆಗಳೊಳಕ್ಕೆ ಇಳಿದುವು. ನಮ್ಮ ಕನ್ನಡಕ್ಕೆ ಆಮೇಲೆ ಏನಾಯಿತೆಂಬುದರ ಬೀಜ ಇಲ್ಲಿದೆ ಎಂದು ನನಗೆ ತೋರುತ್ತದೆ.

1815ರಲ್ಲಿ ಸ್ವಿಟ್ಸರ್ಲೆಂಡಿನ ಗಡಿಯೂರು ಬಾಸೆಲ್ಲಿನಲ್ಲಿ ಮಿಷನರಿಗಳ ಶಾಲೆಯೊಂದು ಹುಟ್ಟಿತು. ಊರು ಸ್ವಿಸ್, ಸೇರಿದ ಹುಡುಗರಲ್ಲಿ ಹೆಚ್ಚಿನವರು ವ್ಯೂರ್ಟೆಂಬರ್ಗಿನ ಹಳ್ಳಿ ಪೇಟೆಗಳವರು. 1834ರಲ್ಲಿ ಅದರ ಮೊದಲ ಮೂವರು ಮಂಗಳೂರಿನಲ್ಲಿ ಇಳಿದರು. ಅವರಲ್ಲಿ ಮುಂದಾಳಾಗಿದ್ದ ಸ್ಯಾಮುಯೆಲ್ ಹೆಬಿಕ್ ಉಲ್ಮ್ ಪಟ್ಟಣಕ್ಕೆ ಸಮೀಪದ ಹಳ್ಳಿಯವನು. ಬೆಂಗೆಲ್ ಗುಣಿಸಿಟ್ಟಿದ್ದ 1836 ಬಂದಿತು. ಸಾವಿರ ವರ್ಷದ ರಾಜ್ಯ ಬರಲಿಲ್ಲ. ಬದಲಿಗೆ ಆ ವರ್ಷ ಹೆರ್ಮನ್ ಮೋಗ್ಲಿಂಗ್ ಮತ್ತು ಹೆರ್ಮನ್ ಗುಂಡರ್ಟ್ ಎಂಬ ಇಬ್ಬರು ತರುಣ ಪಂಡಿತರು, ಟ್ಯೂಬಿಂಗನ್ನಿನಲ್ಲಿ ಓದಿದವರು, ಬೇರೆ ಬೇರೆ ದಾರಿಯಲ್ಲಿ ಹಿಂದೂಸ್ಥಾನಕ್ಕೆ ಬಂದರು. ಒಬ್ಬನು ಕನ್ನಡಕ್ಕೆ, ಒಬ್ಬನು ಮಲಯಾಳಕ್ಕೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಕ್ಷೆಯನ್ನು ನೋಡಿ.

ಮೊದಲ ದಿನ ದೂರ ಹೋಗುವುದು ಬೇಡ. ದೇಹ ಇನ್ನೂ ನಮ್ಮ ಊರಿನ ಗಡಿಯಾರದಲ್ಲೇ ಇರುತ್ತದೆ. ಎಸ್ಲಿಂಗನ್ ಸಾಕು. ನೆಕ್ಕರ್ ದಂಡೆಯ ಈ ಊರು ಹಿಂದೆ ಯಾವ ದೊರೆಗೂ ಸೇರದೆ ನೇರವಾಗಿ ಚಕ್ರವರ್ತಿಗೆ ನಡೆದುಕೊಳ್ಳುತ್ತಿದ್ದ ಸ್ವತಂತ್ರ ಪಟ್ಟಣ. ಯುದ್ಧದ ಬಾಂಬುಗಳು ಇದರ ಹಳೆಯ ಪೇಟೆಯನ್ನು ಬಹಳಷ್ಟು ಮಟ್ಟಿಗೆ ಬಿಟ್ಟುಬಿಟ್ಟುವು. ಮರದ ಚೌಕಟ್ಟಿನ ನಡುವೆ ಗೋಡೆ ತುಂಬಿದ ಮನೆಗಳ ಸಾಲು ಹದಿನಾಲ್ಕನೆಯ ಶತಮಾನದಷ್ಟು ಹಳೆಯದು. ಮೇಲೆ ದ್ರಾಕ್ಷಿ ತೋಟ, ಕೆಳಗೆ ಕಲ್ಲಿನ ಸೇತುವೆ. 1881ರಲ್ಲಿ ಮೋಗ್ಲಿಂಗ್ ತೀರಿಕೊಂಡದ್ದು ಈ ಊರಿನಲ್ಲಿ. ಹುಟ್ಟಿದ್ದು ಉತ್ತರಕ್ಕೆ, ಬ್ರಾಕನ್‌ಹೈಮ್ ಎಂಬಲ್ಲಿ, 1811ರಲ್ಲಿ. ಆ ಬ್ರಾಕನ್‌ಹೈಮ್ ಈಗ ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಾಧ್ಯಕ್ಷ ಟೆಯೊಡೋರ್ ಹೊಯ್ಸ್‌ನ ಜನ್ಮಸ್ಥಳವೆಂದು ಹೆಸರಾಗಿದೆ. ಸಮಯವಿದ್ದವರು ಹೋಗಬಹುದು, ನಮ್ಮ ಮೇಷ್ಟರ ಒಂದು ವಾರದಲ್ಲಿ ಅದಕ್ಕೆ ಎಡೆಯಿಲ್ಲ.

ಮೋಗ್ಲಿಂಗನ 'ಮಂಗಳೂರ ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ. ಆ ದಿನವನ್ನು ನಾವು ಈಗಲೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆದರೆ ಆತನ ದೊಡ್ಡ ಕೆಲಸ ಪತ್ರಿಕೆಯದಲ್ಲ ಎಂಬುದು ನನ್ನ ಅಭಿಪ್ರಾಯ. 1848ರಿಂದ ಆರೇಳು ವರ್ಷಗಳಲ್ಲಿ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ನಮ್ಮ ಹಳೆಯ ಗ್ರಂಥಗಳನ್ನು ಓಲೆಗರಿಯಿಂದ ಎತ್ತಿ ಅಚ್ಚಿಗೆ ತಂದನು. ಮದರಾಸು ಸರ್ಕಾರದ ಅಧಿಕಾರಿಯಾಗಿದ್ದ ಕ್ಯಾಸಮೇಜರ್ ಎಂಬ ದೊರೆ ಹಣ ಕೊಟ್ಟ. ಪರಮತದ ಪುರಾಣಗಳನ್ನು, ಅವುಗಳನ್ನು ಅಳಿಸಲೆಂದೇ ಬಂದ ಮಿಷನರಿಯೊಬ್ಬನು ಪ್ರತಿಗಳನ್ನು ಕೂಡಿಸಿ ಅಚ್ಚು ಹಾಕಿಸುವುದೆಂದರೇನು? ಶತ್ರುವಿನ ಕೋಟೆಯನ್ನು ಅರಿಯುವ ಉಪಾಯವೆಂದು ಒಂದು ವಾದವುಂಟು. ಅದರಲ್ಲಿ ಸತ್ಯವೂ ಉಂಟು. ಆದರೆ ಊರಿಗೆ ಹಿಂದಿರುಗಿದ ಮೇಲೆ, ಮತಾಂತರ ಮಾಡಲು ಒಬ್ಬ ಕನ್ನಡಿಗನೂ ಎದುರಿಗಿಲ್ಲದಾಗ, ಅದೇ ಮನುಷ್ಯ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ. ಅದಕ್ಕೆ ಯಾವ ಉಪಾಯದ ವಿವರಣೆಯೂ ಸಾಲದು. ಎಸ್ಲಿಂಗನ್ನಿನ ಸೇತುವೆಯ ಮೇಲೆ ನಿಂತಾಗ ನನಗೆ ನೆನಪಾದದ್ದು ಇದು.

ಮರುದಿನ ಟ್ಯೂಬಿಂಗನ್. ಇಲ್ಲಿಗೆ ಬೆಳಿಗ್ಗೆ ಬೇಗ ಹೋಗಿ ರಾತ್ರಿ ಊಟ ಮುಗಿಸಿ ಬರಬೇಕು. 1477ರಲ್ಲಿ, 'ಗಡ್ಡದ ಎಬರ್‌ಹಾರ್ಟ್' ಎಂದು ಹೆಸರಾದ ಪ್ರಭುವೊಬ್ಬ ಇಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿಸಿದ. ಊರಿಗಿಂತ ವಿಶ್ವವಿದ್ಯಾನಿಲಯವೇ ದೊಡ್ಡದೆನ್ನಿಸುತ್ತದೆ. ಕಡಿದಾದ ಕಲ್ಲುಹಾಸಿನ ಓಣಿಗಳು, ಮೇಲೆ ಅರಮನೆ, ಕೆಳಗೆ ನದಿಯಲ್ಲಿ ಉದ್ದನೆಯ ಗಳುವೂರಿ ದೋಣಿ ನಡೆಸುವ ವಿದ್ಯಾರ್ಥಿಗಳು. ಆ ಅರಮನೆಯ ಹಳೆಯ ಅಡಿಗೆಮನೆಯಲ್ಲಿ ಪ್ರಯೋಗಶಾಲೆ ಮಾಡಿಕೊಂಡಿದ್ದಾಗಲೇ 1869ರಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ತರುಣ, ಜೀವಕೋಶದ ಗರ್ಭದಲ್ಲಿ ಈಗ ನಾವು ಡಿ.ಎನ್.ಎ. ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ್ದು. ಅಡಿಗೆಮನೆಯ ಭಾಗ್ಯ!

ನದಿಯ ದಂಡೆಗೆ ಇಳಿದರೆ ಹಳದಿ ಬಣ್ಣದ ದುಂಡನೆಯ ಗೋಪುರದ ಮನೆ. ಕವಿ ಹೋಲ್ಡರ್ಲಿನ್ ಮತಿವಿಕಲನಾಗಿ, ಬಡಗಿಯೊಬ್ಬನ ಆಶ್ರಯದಲ್ಲಿ, 1807ರಿಂದ 36 ವರ್ಷ ಬಾಳಿದ್ದು ಅದರಲ್ಲಿ. ಕೂಗಳತೆಯಲ್ಲೇ 'ಷ್ಟಿಫ್ಟ್', ಎಂದರೆ ದೇವತಾಶಾಸ್ತ್ರದ ವಿದ್ಯಾರ್ಥಿಗಳ ಉಚಿತ ಛತ್ರಶಾಲೆ. ಕೆಪ್ಲರ್ ಇಲ್ಲಿ ಓದಿದ. ಹೋಲ್ಡರ್ಲಿನ್, ಹೇಗೆಲ್, ಷೆಲ್ಲಿಂಗ್ ಮೂವರೂ ಇಲ್ಲಿ ಒಂದೇ ಕೋಣೆಯಲ್ಲಿದ್ದರು. ನಾಡಿನ ಬಡ ಮೇಷ್ಟರ, ಪಾದ್ರಿಯ ಮಗ ಬುದ್ಧಿವಂತನಾದರೆ ಸರ್ಕಾರದ ಪರೀಕ್ಷೆಯೊಂದನ್ನು ಗೆದ್ದು, ಮೊದಲು ಮಠಶಾಲೆಗೆ, ಅಲ್ಲಿಂದ ಈ ಷ್ಟಿಫ್ಟಿಗೆ, ಅನ್ನ ಬಟ್ಟೆಯ ಖರ್ಚಿಲ್ಲದೆ ಬರಬಹುದಾಗಿತ್ತು. ಗ್ರೀಕ್, ಲ್ಯಾಟಿನ್, ಹೀಬ್ರೂ ಅರೆದು ಕುಡಿಸುತ್ತಿದ್ದರು. ಮೋಗ್ಲಿಂಗ್, ಗುಂಡರ್ಟ್ ಬಂದದ್ದು ಈ ಮೂಸೆಯಿಂದ. ಅವರು ವಿದ್ಯಾರ್ಥಿಗಳಾಗಿದ್ದಾಗ ಕವಿ ಆ ಹಳದಿ ಮನೆಯಲ್ಲಿ ಇನ್ನೂ ಬದುಕಿದ್ದ. ಆತ ಸತ್ತದ್ದು 1843ರ ಜೂನ್ 7ರಂದು. ಅದಾದ ಇಪ್ಪತ್ತನಾಲ್ಕನೆಯ ದಿನಕ್ಕೆ ಮಂಗಳೂರಿನಲ್ಲಿ ಪತ್ರಿಕೆಯ ಮೊದಲ ಸಂಚಿಕೆ.

ಕಿಟ್ಟೆಲ್ಲನ ಕಥೆ ಬೇರೆ. ಆತ ಈ ನಾಡಿನವನಲ್ಲ. ಜರ್ಮನಿಯ ಬಡಗಣ ಕಡಲಂಚಿನ ಫ್ರೀಸ್‌ಲೆಂಡ್ ಸೀಮೆಯವನು. 1832ರಲ್ಲಿ ಹುಟ್ಟಿ, ಬಾಸೆಲ್ಲಿನಲ್ಲಿ ಓದಿ, 1853ರಲ್ಲಿ ನಮ್ಮಲ್ಲಿಗೆ ಬಂದ. ಧಾರವಾಡ, ಮಂಗಳೂರು, ಮಡಿಕೇರಿ. ಊರೂರು ತಿರುಗಿ ಬೋಧಿಸುವುದನ್ನು ಬಿಟ್ಟು ಪುಸ್ತಕ ಹಿಡಿದು ಕುಳಿತಿದ್ದಾನೆಂದು ಮಿಷನ್ನಿನಲ್ಲೇ ಕೆಲವರಿಗೆ ಅಸಮಾಧಾನ. ಆತ ಕುಳಿತೇ ಇದ್ದ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು. ನಮ್ಮ ಪಂಡಿತರನ್ನು ಜೊತೆಗಿಟ್ಟುಕೊಂಡು, ಕಾವ್ಯದ ಮಾತು, ಶಾಸನದ ಮಾತು, ಸಂತೆಯ ಮಾತು, ಗಾದೆ ಎಲ್ಲವನ್ನೂ ಗುಡ್ಡೆ ಹಾಕಿದ. ಒಂದೊಂದು ಶಬ್ದಕ್ಕೂ ತಮಿಳು, ತೆಲುಗು, ಮಲಯಾಳ, ತುಳುವಿನ ನೆಂಟರನ್ನು ಹುಡುಕಿದ. ಆರೋಗ್ಯ ಕೆಟ್ಟು ಒಮ್ಮೆ ಊರಿಗೆ ಹೋದವನು ಐವತ್ತು ದಾಟಿದ ಮೇಲೆ, 1883ರಲ್ಲಿ, ಈ ಕೆಲಸಕ್ಕೆಂದೇ ಮತ್ತೆ ಹಡಗು ಹತ್ತಿ ಬಂದ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಶಬ್ದಗಳ, 1,700ಕ್ಕೂ ಹೆಚ್ಚು ಪುಟಗಳ ನಿಘಂಟು ಹೊರಬಂದಾಗ ಕಿಟ್ಟೆಲ್ ಜರ್ಮನಿಯಲ್ಲಿದ್ದ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯ 1896ರಲ್ಲಿ ಗೌರವ ಡಾಕ್ಟರ್ ಪದವಿ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣ ಹೊರಬಂತು; ಅದೇ ವರ್ಷದ ಡಿಸೆಂಬರಿನಲ್ಲಿ ಈ ಊರಿನಲ್ಲಿ ಆತ ತೀರಿಕೊಂಡ. ಆ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಮದರಾಸು ವಿಶ್ವವಿದ್ಯಾನಿಲಯ ಹೊರತಂದದ್ದು 1968ರಿಂದ 1971ರ ಅವಧಿಯಲ್ಲಿ, ಎಂದರೆ ಮುಕ್ಕಾಲು ಶತಮಾನದ ಮೇಲೆ.

ಊರಿನ ದೊಡ್ಡ ಇಗರ್ಜಿಯ ಎದುರಿಗೆ ಹೆಕೆನ್‌ಹೌವರ್ ಎಂಬ ಹಳೆಯ ಪುಸ್ತಕದಂಗಡಿಯಿದೆ. 1895ರಿಂದ 1899ರ ವರೆಗೆ ಅಲ್ಲಿ ಕಟ್ಟುಬಿಚ್ಚುವ, ಧೂಳೊರಸುವ ಕೆಲಸಕ್ಕಿದ್ದ ಹುಡುಗನೊಬ್ಬನ ಹೆಸರು ಹೆರ್ಮನ್ ಹೆಸ್ಸೆ. ಮುಂದೆ 'ಸಿದ್ಧಾರ್ಥ' ಬರೆದು, 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು. ಗುಂಡರ್ಟನ ಮೊಮ್ಮಗ! ಎಂದರೆ ಅದೇ ವರ್ಷಗಳಲ್ಲಿ, ಅದೇ ಚಿಕ್ಕ ಊರಿನಲ್ಲಿ, ಅರವತ್ತು ದಾಟಿದ ಕಿಟ್ಟೆಲ್ಲನೂ ಇದ್ದನು. ಅಂಗಡಿಯ ಬಾಗಿಲಲ್ಲಿ ಇಬ್ಬರೂ ಎದುರಾದರೆಂದು ಊಹಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಊಹೆಯೆಂಬುದು ನೆನಪಿದ್ದರೆ ಸಾಕು. ನಾನು ಹೋಗಿದ್ದಾಗ ಊಟಕ್ಕೆ ಕುಳಿತಿದ್ದಲ್ಲಿ ಪಕ್ಕದ ವೃದ್ಧ ದಂಪತಿಗಳನ್ನು ಮಾತಿಗೆಳೆದೆ. ಹೋಲ್ಡರ್ಲಿನ್ನನ ಬಗ್ಗೆ ಅರ್ಧ ಗಂಟೆ ಹೇಳಿದರು. ಹೆಸ್ಸೆಯ ಬಗ್ಗೆ ಕಾಲು ಗಂಟೆ. ಕಿಟ್ಟೆಲ್ ಎಂದಾಗ ಮುಖಮುಖ ನೋಡಿಕೊಂಡರು. "ಯಾವ ಭಾಷೆಗೆ?" ಎಂದು ಆಕೆ ಕೇಳಿದಳು. ಹೇಳಿದೆ. ಚೀಟಿಯ ಮೇಲೆ ಬರೆದುಕೊಡಿ ಎಂದಳು. ಕನ್ನಡದಲ್ಲಿಯೂ ಜರ್ಮನ್ ಲಿಪಿಯಲ್ಲಿಯೂ ಬರೆದುಕೊಟ್ಟೆ.

ಗುಂಡರ್ಟ್ ಮಲಬಾರಿನಿಂದ ತಂದ ಹಸ್ತಪ್ರತಿಗಳು ಮತ್ತು ಅಚ್ಚಿನ ಪುಸ್ತಕಗಳೂ ಇಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿವೆ. ಮಲಯಾಳದ ಹಳೆಯ 'ಪಯ್ಯನ್ನೂರ್ ಪಾಟ್ಟು' ಉಳಿದುಕೊಂಡದ್ದು ಆ ಗಂಟಿನಲ್ಲಿ. 2018ರಿಂದ ಇವೆಲ್ಲದರ ಪ್ರತಿಚಿತ್ರಗಳನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಮಂಗಳೂರಿನ ಅಚ್ಚುಕೂಟದ ಹಳೆಯ ಕನ್ನಡ ಪುಸ್ತಕಗಳೂ ಅಲ್ಲಿವೆ. ಹೊರಡುವ ಮೊದಲು ಇಲ್ಲಿಯೇ ಕುಳಿತು ಒಂದೆರಡನ್ನು ನೋಡಿಕೊಂಡು ಹೋಗಿ ಎಂದು ಮೇಷ್ಟರಿಗೆ ಹೇಳಿದೆ.

ಮೂರನೆಯ ದಿನ ಪಶ್ಚಿಮಕ್ಕೆ, ಕಾಲ್ವ್ ಊರಿಗೆ. ದಾರಿಯ ರೈಲು ನಿಲ್ದಾಣಗಳೇ ಒಂದು ಪಾಠ. ಮೊದಲು ಕೋರ್ನ್‌ಟಾಲ್: ಪಯಟಿಸ್ಟರು ರಷ್ಯಕ್ಕೆ ಓಡದಿರಲೆಂದು ರಾಜನೇ 1819ರಲ್ಲಿ ಅವರ ಸ್ವಂತ ಕಟ್ಟಳೆಯ ಊರು ಕಟ್ಟಿಕೊಳ್ಳಲು ಒಪ್ಪಿದ ಸ್ಥಳ. ಆಮೇಲೆ ಲಿಯೋನ್‌ಬರ್ಗ್: ಕೆಪ್ಲರನ ಮುದಿತಾಯಿಯನ್ನು ಮಾಟಗಾತಿಯೆಂದು 1615ರಲ್ಲಿ ದೂರಿದ್ದು ಇಲ್ಲಿ. ಚಕ್ರವರ್ತಿಯ ಗಣಿತಜ್ಞನಾಗಿದ್ದ ಮಗ ಓಡಿ ಬಂದು, ವಕೀಲನಂತೆ ವಾದ ಹೂಡಿ, ಸೆರೆಯಲ್ಲಿ ಹದಿನಾಲ್ಕು ತಿಂಗಳು ಬಿದ್ದಿದ್ದ ಆಕೆಯನ್ನು 1621ರಲ್ಲಿ ಬಿಡಿಸಿಕೊಂಡ. ಸಾಲಿನ ಕೊನೆಗೆ ವೈಲ್ ಡೆರ್ ಷ್ಟಾಟ್: ಕೆಪ್ಲರ್ 1571ರಲ್ಲಿ ಹುಟ್ಟಿದ ಊರು. ಕಾಲ್ವ್ ಅಲ್ಲಿಂದಾಚೆ, ಕಪ್ಪುಕಾಡಿನ ಅಂಚಿನಲ್ಲಿ, ನಾಗೋಲ್ಡ್ ಎಂಬ ಕಿರುಹೊಳೆಯ ಇಕ್ಕಟ್ಟಾದ ಕಣಿವೆಯಲ್ಲಿದೆ. ಕಾಡಿನ ಮರವನ್ನು ತೆಪ್ಪ ಕಟ್ಟಿ ಈ ಹೊಳೆಯಲ್ಲಿ ಬಿಟ್ಟರೆ ನೆಕ್ಕರ್, ರೈನ್ ನದಿಗಳ ಮಾರ್ಗವಾಗಿ ಹಾಲೆಂಡಿನವರೆಗೆ ಹೋಗುತ್ತಿತ್ತಂತೆ.

ಗುಂಡರ್ಟ್ ಇಪ್ಪತ್ತು ವರ್ಷಕ್ಕೂ ಮಿಕ್ಕು ಕೇರಳ ಸೀಮೆಯಲ್ಲಿದ್ದವನು. 1857ರಲ್ಲಿ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲೆಗಳ ತನಿಖಾಧಿಕಾರಿಯೂ ಆಗಿದ್ದನು. ಹಿಂದಿರುಗಿ ಬಂದು ಕಾಲ್ವ್ ಊರಿನ ಪ್ರಕಟಣಾ ಸಂಸ್ಥೆಯನ್ನು ವಹಿಸಿಕೊಂಡ. ಮಲಯಾಳ ನಿಘಂಟು 1872ರಲ್ಲಿ ಬಂದಿತು. ಮಿತ್ರ ಮೋಗ್ಲಿಂಗ್ ಸತ್ತ ಮರುವರ್ಷ ಆತನ ಜೀವನಚರಿತ್ರೆ ಬರೆದವನೂ ಇವನೇ. ತಲಚೇರಿಯಲ್ಲಿ 1842ರಲ್ಲಿ ಹುಟ್ಟಿದ ಮಗಳು ಮಾರಿ, ಮಂಗಳೂರಿನ ಮಿಷನ್ನಿನಲ್ಲಿ ಕೆಲವು ವರ್ಷ ಇದ್ದು ಆರೋಗ್ಯ ಕೆಟ್ಟು ಹಿಂದಿರುಗಿದ್ದ ಯೋಹಾನೆಸ್ ಹೆಸ್ಸೆಯನ್ನು ಮದುವೆಯಾದಳು. 1877ರಲ್ಲಿ ಹುಟ್ಟಿದ ಮಗನೇ ಪುಸ್ತಕದಂಗಡಿಯ ಆ ಹುಡುಗ. ತಾತನ ಕೋಣೆಯ ತುಂಬ ಹಿಂದೂಸ್ಥಾನದ ಓಲೆಗರಿ, ವಿಗ್ರಹ, ಬಟ್ಟೆ ಮತ್ತು ಅಲ್ಲಿಂದ ಬಂದುಹೋಗುವ ಅತಿಥಿಗಳು ಇದ್ದುದನ್ನು ಹೆಸ್ಸೆ ಬಹಳ ಆಸೆಯಿಂದ ನೆನೆದಿದ್ದಾನೆ. 1911ರಲ್ಲಿ ಹಿಂದೂಸ್ಥಾನಕ್ಕೆಂದು ಹೊರಟವನು ಸಿಂಹಳ, ಸಿಂಗಪುರ, ಸುಮಾತ್ರ ಸುತ್ತಿ ಹೊಟ್ಟೆ ಕೆಡಿಸಿಕೊಂಡು ಹಿಂದಿರುಗಿದ. ತಾಯಿ ಹುಟ್ಟಿದ ಮಲಬಾರನ್ನು ಕಾಣಲೇ ಇಲ್ಲ. ಕಾಲ್ವ್ ಸೇತುವೆಯ ಮೇಲೆ, ಪುಟ್ಟ ಗುಡಿಯಂಥ ಪ್ರಾರ್ಥನಾಮಂದಿರದ ಬಳಿ, ಆತನ ಕಂಚಿನ ಪ್ರತಿಮೆಯಿದೆ. ಪೀಠವಿಲ್ಲದೆ ನೆಲದ ಮೇಲೇ, ದಾರಿಹೋಕನಂತೆ ನಿಂತಿದ್ದಾನೆ.

ಮೌಲ್‌ಬ್ರೊನ್ ಮಠಶಾಲೆಗೆ ಅರ್ಧ ದಿನ ಸಾಕು. ಮ್ಯೂಲ್ಆಕರ್ ನಿಲ್ದಾಣದಲ್ಲಿ ಇಳಿದು ಬಸ್ಸು. 1147ರಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳು ಕಟ್ಟಿದ ಮಠ, 1556ರಲ್ಲಿ ಶಾಲೆಯಾಯಿತು. ಕೆಪ್ಲರ್, ಹೋಲ್ಡರ್ಲಿನ್, ಗುಂಡರ್ಟ್ ಇಲ್ಲಿ ಓದಿ ಗೆದ್ದರು. ಹೆಸ್ಸೆ 1892ರಲ್ಲಿ ಗೋಡೆಯಾಚೆಗೆ ಓಡಿಹೋದ. ಒಂದೇ ಮನೆತನದ ತಾತ ಮೊಮ್ಮಕ್ಕಳ ನಡುವೆ ಆ ವಿದ್ಯಾಕ್ರಮ ಮಾಡಿದ ಉಪಕಾರವನ್ನೂ ಹಿಂಸೆಯನ್ನೂ ಎರಡನ್ನೂ ಅಲ್ಲಿ ನೋಡಬಹುದು. ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಎಚ್ಚರಿಕೆ. 'ಮೌಲ್‌ಟಾಷನ್' ಎಂದು ನಮ್ಮ ಕಡುಬಿನಂಥ ಒಂದು ತಿಂಡಿ ಇಡುತ್ತಾರೆ. ಉಪವಾಸದ ದಿನ ದೇವರ ಕಣ್ಣಿಗೆ ಬೀಳದಿರಲೆಂದು ಈ ಮಠದ ಸನ್ಯಾಸಿಗಳು ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಟ್ಟರೆಂಬುದು ಐತಿಹ್ಯ. ಕೇಳಿ ತಿನ್ನಬೇಕು. ಗಿಣ್ಣಿನ ಷ್ಪೆಟ್ಸ್ಲೆ ಎಂಬ ಶಾವಿಗೆಯಂಥದು ಸಿಕ್ಕುತ್ತದೆ. ಅದರಲ್ಲಿ ಮೊಟ್ಟೆ ಇರುವುದನ್ನು ಒಪ್ಪುವವರಿಗೆ ತೊಂದರೆಯಿಲ್ಲ.

ಇಷ್ಟು ಹೊತ್ತು ನಾನು ಸವಿಯನ್ನೇ ಹೇಳುತ್ತಿದ್ದೆ. ಇನ್ನೊಂದು ಜಾಗವನ್ನು ಕಾಗದದ ಮೇಲೆ ಬರೆಯುವಾಗ ಮೇಷ್ಟರು ಕೈ ತಡೆದರು. ಸ್ಟುಟ್‌ಗಾರ್ಟಿನ ಉತ್ತರ ನಿಲ್ದಾಣದ ಹತ್ತಿರ, ಬಳಕೆ ತಪ್ಪಿದ ಕೆಲವು ಹಳಿಗಳನ್ನು ಹಾಗೆಯೇ ಉಳಿಸಿ ಒಂದು ಸ್ಮಾರಕ ಮಾಡಿದ್ದಾರೆ. 1941ರ ಡಿಸೆಂಬರ್ 1ರಂದು ವ್ಯೂರ್ಟೆಂಬರ್ಗಿನ ಊರೂರುಗಳಿಂದ ಕೂಡಿಹಾಕಿದ್ದ ಸುಮಾರು ಒಂದು ಸಾವಿರ ಯೆಹೂದ್ಯರನ್ನು ಹೊತ್ತ ಮೊದಲ ರೈಲು ಅಲ್ಲಿಂದ ರೀಗಾ ನಗರದ ಕಡೆಗೆ ಹೊರಟಿತು. ಉಳಿದು ಬಂದವರು ಬೆರಳೆಣಿಕೆ. ಅಂಥ ರೈಲುಗಳು ಆಮೇಲೂ ಹೋದುವು. ಗೋಡೆಯ ಮೇಲೆ ಹೆಸರುಗಳಿವೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಶಿಸ್ತು, ತಪ್ಪಿಲ್ಲದ ಪಟ್ಟಿ, ವೇಳೆಗೆ ಸರಿಯಾಗಿ ಹೊರಡುವ ಗಾಡಿ ಎಲ್ಲವೂ ಅಲ್ಲಿಯೂ ಇದ್ದುವು. ಮ್ಯೂನಿಕ್ಕಿನಲ್ಲಿ ಇಳಿದವರು ಡಾಖಾವ್ ಶಿಬಿರಕ್ಕೆ ಹೋಗಿ ಬರುತ್ತಾರೆ, ಅದು ಸರಿಯೆ. ಇಲ್ಲಿ ಬಿಡಾರ ಮಾಡಿದವರು ಇದನ್ನು ಬಿಡಬಾರದು. ದಿನದ ಸುತ್ತಾಟ ಮುಗಿದ ಮೇಲಲ್ಲ, ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಒಂದು ಬೆಳಿಗ್ಗೆ ಹೋಗಬೇಕು.

ಉಳಿದದ್ದು ಸಣ್ಣಪುಟ್ಟದ್ದು. ಆ ಪ್ರಾಂತದೊಳಗೆ ದಿನವಿಡೀ ಸಾಮಾನ್ಯ ರೈಲುಗಳಲ್ಲಿ ಓಡಾಡುವುದಕ್ಕೆ ಒಂದೇ ಟಿಕೆಟ್ಟು ಸಿಕ್ಕುತ್ತದೆ. ಇಬ್ಬರಿದ್ದರೆ ಇನ್ನೂ ಅಗ್ಗ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹಾಲು ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಬೇಕು. ಜರ್ಮನಿಯ ರೈಲು ನಿಮಿಷ ತಪ್ಪುವುದಿಲ್ಲವೆಂದು ನಾವು ಚಿಕ್ಕಂದಿನಲ್ಲಿ ಕೇಳಿದ್ದು ಈಗ ಪುರಾಣ. ಒಂದು ಗಾಡಿ ತಪ್ಪಿದರೆ ಗಾಬರಿಯಾಗದಷ್ಟು ಬಿಡುವನ್ನು ದಿನದಲ್ಲಿ ಇಟ್ಟುಕೊಂಡಿರಬೇಕು.

ಮೇಷ್ಟರು ಜೇಬಿನಿಂದ ಪೆನ್ನು ತೆಗೆದರು. ಮ್ಯೂನಿಕ್ ಎಂದಿದ್ದುದನ್ನು ಹೊಡೆದು ಸ್ಟುಟ್‌ಗಾರ್ಟ್ ಎಂದು ಬರೆದರು. ಸಾಲ್ಜ್‌ಬರ್ಗ್ ಹೋಯಿತು, ನ್ಯೂರೆಂಬರ್ಗ್ ಹೋಯಿತು. ಟ್ಯೂಬಿಂಗನ್ ಎದುರಿಗೆ ಎರಡು ದಿನ ಎಂದು ಗುರುತು ಮಾಡಿದರು. ಕೋಟೆಯ ಹತ್ತಿರ ಬಂದಾಗ ಪೆನ್ನು ನಿಂತಿತು.

"ಇದನ್ನು ಮಾತ್ರ ತೆಗೆಯುವ ಹಾಗಿಲ್ಲ. ನಮ್ಮ ಮನೆಯವರು ಅದರ ಚಿತ್ರವನ್ನು ಅಡಿಗೆಮನೆಯ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ" ಎಂದರು.

ಸ್ಟುಟ್‌ಗಾರ್ಟಿನಿಂದಲೂ ಬೆಳಕು ಹರಿಯುವ ಮೊದಲೇ ಹೊರಟರೆ ಉಲ್ಮ್ ಮಾರ್ಗವಾಗಿ ಹೋಗಿ ರಾತ್ರಿಗೆ ಹಿಂದಿರುಗಬಹುದು. ಗಾಡಿಗಳ ವೇಳೆಯನ್ನು ಕಾಗದದ ಹಿಂಬದಿಯಲ್ಲಿ ಬರೆದುಕೊಳ್ಳಲು ಇಬ್ಬರೂ ಕನ್ನಡಕ ಹುಡುಕಿದೆವು.